ಮಾಮಾನ ಕಂಪ್ಯೂಟರಿಗೆ ಕನ್ನಡ ಬಂತು

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದೇ ಇರಲಿಲ್ಲ. ದೀಪಾವಳಿಗೆ ಅಣ್ಣಿಗೇರಿಗೆ ಹೋಗಿದ್ದೆ. ಹಬ್ಬದೂಟಕ್ಕಿಂತ ಹೆಚ್ಚಾಗಿ ನೆನಪಲ್ಲಿ ಉಳಿದದ್ದು ಮಾಮಾನ ಲ್ಯಾಪ್‌ಟಾಪ್ ಜೊತೆ ಕಳೆದ ನಾಲ್ಕು ದಿನ. ಅದನ್ನೇ ಬರೆದುಬಿಡೋಣ ಅನ್ನಿಸಿತು.

ಮಾಮಾ ಅಂದರೆ ನಮ್ಮವ್ವನ ತಮ್ಮ. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಗ್ಲಾಕೋಮಾದಿಂದ ಎರಡೂ ಕಣ್ಣು ನಿಧಾನಕ್ಕೆ ಹೋದವು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತೆಂದು ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆಯನ್ನೂ ಇಳಿಸುವಂತಿಲ್ಲ ಅನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹಾಗಾಗಿ ನೌಕರಿ ಉಳಿಯಿತು. ಆದರೆ ಕೆಲಸ?

"ಖುರ್ಚಿ ಐತಿ, ಪಗಾರ ಐತಿ. ಮುಂಜಾನಿಂದ ಸಂಜೀತನಕ ಫ್ಯಾನ್ ತಿರುಗೂದು ಕೇಳ್ಕೋತ ಕುಂದ್ರೂದು" ಅಂದ ಮಾಮಾ. ನಗುತ್ತಲೇ ಅಂದ. ನನಗೆ ನಗು ಬರಲಿಲ್ಲ.

ಮೊದಲು ಹಾಕಿದ್ದು ಎನ್‌ವಿಡಿಎ. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರೂ ಅಂಧರೇ. ಪುಕ್ಕಟೆ ಸಿಗುತ್ತದೆ. ಅದರ ಜೊತೆಗೇ ಬರುವ ಇ-ಸ್ಪೀಕ್‌ನಲ್ಲಿ ಕನ್ನಡ ಧ್ವನಿಯೂ ಇದೆ. ಧ್ವನಿ ಸ್ವಲ್ಪ ತಗಡು ಬಡಿದಂತೆ, ಆದರೆ ಒಂದು ದಿನಕ್ಕೆ ಕಿವಿ ಒಗ್ಗಿಬಿಡುತ್ತದೆ.

ಉತ್ಸಾಹದಿಂದ ಕಚೇರಿಯ ಹಳೇ ಪತ್ರವೊಂದನ್ನು ವರ್ಡ್‌ನಲ್ಲಿ ತೆರೆದೆ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿದರೆ ಪೂರ್ತಿ ಓದಬೇಕು. ಓದಿತು! ಏನಂತ? ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ.

"ಏನೋ ಇದು ಅಳಿಯಾ, ಮೈಮ್ಯಾಲೆ ಬಂದವರ ಗತೆ ಮಾತಾಡ್ತೈತಲ್ಲೋ?"

ನಮ್ಮಂಥ ಬ್ಲಾಗಿನವರಿಗೆ ಕಾರಣ ಗೊತ್ತೇ ಇದೆ. ಅದು ಹಳೆಯ ಆಸ್ಕಿ ಫಾಂಟು. ವಿಂಡೋಸ್‌ಗೆ ಕನ್ನಡವೇ ಬಾರದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ನಡೆಸಿದರು, ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಕಣ್ಣಿಗೆ 'ಕನ್ನಡ' ಅಂತ ಕಾಣುವುದು ಕಡತದ ಒಳಗೆ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್... ಹೀಗೆ ಸಾಗುತ್ತದೆ. ಓದುವ ತಂತ್ರಾಂಶಕ್ಕೆ ಚಿತ್ರ ಕಾಣುವುದಿಲ್ಲ, ಒಳಗಿನ ಸಂಕೇತ ಮಾತ್ರ ಕಾಣುತ್ತದೆ. ಪಾಪ, ಅದು ಸುಳ್ಳೇನೂ ಹೇಳಲಿಲ್ಲ!

ಪರಿವರ್ತಕ ಹುಡುಕಿ ಪತ್ರವನ್ನು ಯುನಿಕೋಡ್ ಮಾಡಿದೆ. ಮತ್ತೆ ಒತ್ತಿದೆವು. "ಮಾನ್ಯರೇ..." ಅಂತ ಶುರುವಾಯಿತು. ಮಾಮಾ ಮಾತಾಡಲಿಲ್ಲ. ಪತ್ರ ಮುಗಿದ ಮೇಲೆ, "ಇನ್ನೊಮ್ಮೆ ಹಚ್ಚು" ಅಂದ. ಮೂರು ವರ್ಷದಿಂದ ಯಾರೋ ಓದಿ ಹೇಳಿದ್ದನ್ನು ನಂಬಿ ಸಹಿ ಮಾಡುತ್ತಿದ್ದ ಮನುಷ್ಯ.

ಎಕ್ಸೆಲ್ ಇನ್ನೊಂದು ದಿನ ತಿಂದಿತು. ಹಾಜರಿ ಪಟ್ಟಿಯಲ್ಲಿ ಬಾಣ ಒತ್ತಿದರೆ ಬರೀ ಅಂಕಿ ಓದುತ್ತಿತ್ತು, ಯಾವ ಕಾಲಮ್ಮಿನ ಅಂಕಿ ಅಂತ ತಿಳಿಯದು. ತಲೆಬರಹದ ಸಾಲಿನ ಮೊದಲ ಮನೆಯಲ್ಲಿ ನಿಂತು ಇನ್ಸರ್ಟ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಅಲ್ಲಿಂದ ಮುಂದೆ ಕಾಲಮ್ಮಿನ ಹೆಸರನ್ನೂ ಹೇಳುತ್ತದೆ. ಇದು ಗೊತ್ತಾಗುವಷ್ಟರಲ್ಲಿ ಮೂರು ಸಲ ಚಹಾ ಆಗಿ, ಎರಡು ಸಲ ಕರೆಂಟ್ ಹೋಗಿತ್ತು :)

ಟೈಪಿಂಗ್‌ಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿಸಿದೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಸಣ್ಣ ಗೀಟು ಬೆರಳಿಗೆ ಸಿಕ್ಕರೆ ಉಳಿದದ್ದು ರೂಢಿ.

ಕೊನೆಯ ದಿನ ಮಾಮಾನ ಪರವಾಗಿ ನಾನೇ ಒಂದು ಅರ್ಜಿ ಟೈಪ್ ಮಾಡಿದ್ದೆ, ಅಲ್ಲಿಲ್ಲಿಂದ ಎರಡು ಸಾಲು ಕಾಪಿ ಮಾಡಿ. ಎರಡು ಸಲ ಓದಿದೆ, ಸರಿಯಾಗಿಯೇ ಇತ್ತು. ಮಾಮಾ ಕೇಳಿಸಿಕೊಂಡು, "ಅಳಿಯಾ, ಸಂಬಳದೊಳಗ ಸೊನ್ನಿ ಅಂತಾದಲ್ಲೋ" ಅಂದ. ನೋಡಿದರೆ ಅನುಸ್ವಾರದ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ! ಎರಡೂ ಒಂದೇ ರೀತಿ ಕಾಣುತ್ತವೆ, ನನ್ನ ಕಣ್ಣಿಗೆ ಗೊತ್ತೇ ಆಗಿರಲಿಲ್ಲ.

"ಕಣ್ಣಿದ್ದಾಂವ ನೀನs, ಸರಿಯಾಗಿ ನೋಡಪಾ" ಅಂತ ಹೊಟ್ಟೆ ತುಂಬ ನಕ್ಕ. ಈ ಸಲ ನಾನೂ ನಕ್ಕೆ.

ಎಲ್ಲಾ ಸರಿ ಹೋಯಿತು ಅಂತಲ್ಲ. ಸ್ಕ್ಯಾನ್ ಮಾಡಿ ಕಳಿಸುವ ಸುತ್ತೋಲೆ ಬರೀ ಫೋಟೋ, ಅದರ ಮುಂದೆ ಎನ್‌ವಿಡಿಎ ಬಾಯಿ ಮುಚ್ಚಿಕೊಳ್ಳುತ್ತದೆ. ಪಕ್ಕದ ಟೇಬಲ್ಲಿನವರು ಇವತ್ತಿಗೂ ಹಳೇ ಫಾಂಟಿನಲ್ಲೇ ಟೈಪ್ ಮಾಡುತ್ತಾರಂತೆ. ಆದರೆ ಹೋದ ವಾರ ಮಾಮಾ ಫೋನ್ ಮಾಡಿ, "ಇವತ್ತ ಎರಡು ಪತ್ರ ನಾನs ಮಾಡೀನಿ, ನಾನs ಓದಿ ಸಹಿ ಹಾಕೀನಿ" ಅಂದ.

ನಿಮ್ಮ ಕಚೇರಿಯಲ್ಲಿ ಹಳೇ ಫಾಂಟಿನ ಕಡತ ಇದ್ದರೆ ದಯವಿಟ್ಟು ಯುನಿಕೋಡ್ ಮಾಡಿಡಿ ಸ್ನೇಹಿತರೆ. ಯಾವುದೋ ಊರಿನಲ್ಲಿ ಯಾರೋ ಒಬ್ಬರು ಅದನ್ನು ಕಿವಿಯಿಂದ ಓದಬೇಕಾಗಿರುತ್ತದೆ.