ಕೋಡಿನ ಅಂದ, ಹಲ್ಲಿನ ಸಾಕ್ಷಿ

ದುಲ್‌ಹಜ್ ತಿಂಗಳು ಸಮೀಪಿಸಿದಂತೆ ಆಳಂದ, ಅಫಜಲಪುರ, ಜೇವರ್ಗಿ ಭಾಗದ ಮುಸ್ಲಿಮರ ಮನೆಗಳಲ್ಲಿ ಒಂದೇ ಮಾತು: ಹೋತ ಎಲ್ಲಿ ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು, ಅದರ ಕೋಡು ಎಷ್ಟು ಉದ್ದವಿದೆ. ಈ ಮೂರನೆಯ ಪ್ರಶ್ನೆಯ ಕುರಿತು ನಾನು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಕೋಡನ್ನು ಮೆಚ್ಚುವುದರಲ್ಲಿ ದೋಷವಿಲ್ಲ. ಪ್ರವಾದಿ(ಸ)ರು ಕೋಡುಳ್ಳ, ಕಪ್ಪು ಬಿಳುಪು ಬಣ್ಣದ ಎರಡು ಟಗರುಗಳನ್ನು ಸ್ವತಃ ತಮ್ಮ ಕೈಯಿಂದ ಕುರ್ಬಾನಿ ನೀಡಿದರೆಂದು ಹಝ್ರತ್ ಅನಸ್(ರ)ರವರ ವರದಿಯಿದೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಅದು ದಾಖಲಾಗಿದೆ. ಅಲ್ಲಾಹನ ಹೆಸರಿನಲ್ಲಿ ಅರ್ಪಿಸುವ ಪ್ರಾಣಿ ಅಂದವಾಗಿ, ಮೈತುಂಬಿಕೊಂಡು ಇರಲೆಂದು ಬಯಸುವುದು ಭಕ್ತಿಯ ಭಾಗವೇ ಆಗಿದೆ. ಮದೀನಾದಲ್ಲಿ ತಾವು ಕುರ್ಬಾನಿಯ ಪ್ರಾಣಿಗಳನ್ನು ಚೆನ್ನಾಗಿ ಮೇಯಿಸಿ ಕೊಬ್ಬಿಸುತ್ತಿದ್ದೆವೆಂದು ಸಹಾಬಿಗಳು ಹೇಳಿದ್ದಾರೆ.

ಆದರೆ ಅಂದ ಬೇರೆ, ಅರ್ಹತೆ ಬೇರೆ. ಶರೀಅತ್ ಕುರ್ಬಾನಿಗೆ ಇಟ್ಟ ಷರತ್ತುಗಳಲ್ಲಿ ಕೋಡಿನ ಉದ್ದ ಎಲ್ಲಿಯೂ ಇಲ್ಲ. ಹನಫೀ ಫಿಕ್ಹ್‌ನ ಪ್ರಕಾರ ಹುಟ್ಟಿನಿಂದಲೇ ಕೋಡಿಲ್ಲದ ಪ್ರಾಣಿಯ ಕುರ್ಬಾನಿಯೂ ಸಿಂಧು. ತುದಿ ಮುರಿದಿದ್ದರೂ ಅಡ್ಡಿಯಿಲ್ಲ. ಬುಡಸಮೇತ ಕಿತ್ತು, ಪೆಟ್ಟು ಮಿದುಳಿನವರೆಗೆ ಮುಟ್ಟಿದ್ದರೆ ಮಾತ್ರ ಅದು ಸಲ್ಲದು. ಹಝ್ರತ್ ಬರಾಅ್(ರ)ರವರ ವರದಿಯಲ್ಲಿ ಪ್ರವಾದಿ(ಸ)ರು ನಾಲ್ಕು ಬಗೆಯ ಪ್ರಾಣಿಗಳನ್ನು ನಿಷೇಧಿಸಿದ್ದಾರೆ: ಒಂದು ಕಣ್ಣಿನ ಕುರುಡು ಸ್ಪಷ್ಟವಾಗಿರುವುದು, ರೋಗ ಸ್ಪಷ್ಟವಾಗಿರುವುದು, ಕುಂಟು ಸ್ಪಷ್ಟವಾಗಿರುವುದು, ಎಲುಬಿನಲ್ಲಿ ಮಜ್ಜೆಯೂ ಉಳಿಯದಷ್ಟು ಸೊರಗಿರುವುದು. ಇವುಗಳ ಜೊತೆಗೆ ವಯಸ್ಸಿನ ನಿಯಮವಿದೆ. ಆಡಿಗೆ ಒಂದು ವರ್ಷ ಪೂರ್ಣಗೊಂಡಿರಬೇಕು.

ಭೀಮಾ ತೀರದ ಹೊಲಗಳಲ್ಲಿ ಮಂದೆ ತರುಬುವ ಕುರಿಗಾಹಿಗಳು ಪ್ರಾಣಿಯನ್ನು ನೋಡುವ ಕ್ರಮವೂ ಇದಕ್ಕೆ ಹೊಂದುತ್ತದೆ. ಅವರ ಕಣ್ಣು ಕೋಡಿನ ಮೇಲೆ ಕೊನೆಗೆ ಬೀಳುತ್ತದೆ. ಮೊದಲು ಪ್ರಾಣಿಯನ್ನು ನಡೆಸುತ್ತಾರೆ, ನಾಲ್ಕೂ ಕಾಲು ಸಮನಾಗಿ ಊರುತ್ತದೆಯೇ ಎಂದು ಗಮನಿಸುತ್ತಾರೆ. ಬಳಿಕ ಬೆನ್ನಿನ ಮೇಲೆ ಅಂಗೈ ಒತ್ತುತ್ತಾರೆ. ಬೆನ್ನೆಲುಬು ಕೈಗೆ ಚುಚ್ಚಿದರೆ ಮೈಯಲ್ಲಿ ಮಾಂಸವಿಲ್ಲ. ಇಲ್ಲಿಯೇ ಕಣ್ಣು ಮೋಸಹೋಗುವುದು. ಮೇವಿಲ್ಲದೆ ಮೈ ಸೊರಗುತ್ತದೆ, ಕೋಡು ಮಾತ್ರ ಸೊರಗುವುದಿಲ್ಲ. ಆದ್ದರಿಂದ ಬಡಕಲು ಹೋತದ ಕೋಡು ಇದ್ದುದಕ್ಕಿಂತ ದೊಡ್ಡದಾಗಿಯೂ ದಷ್ಟಪುಷ್ಟವಾದ ಹೋತದ ಕೋಡು ಇದ್ದುದಕ್ಕಿಂತ ಚಿಕ್ಕದಾಗಿಯೂ ಕಾಣುತ್ತದೆ.

ಕೊನೆಯ ಪರೀಕ್ಷೆ ಬಾಯಿ. ಆಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲ. ಕೆಳಗೆ ಎಂಟು ಮುಂಹಲ್ಲುಗಳಿವೆ. ಸುಮಾರು ಹನ್ನೆರಡರಿಂದ ಹದಿನೈದು ತಿಂಗಳ ಒಳಗೆ ನಡುವಿನ ಎರಡು ಹಾಲುಹಲ್ಲುಗಳು ಬಿದ್ದು ಅಗಲವಾದ ಎರಡು ಹೊಸ ಹಲ್ಲುಗಳು ಬರುತ್ತವೆ. ‘ಎರಡು ಹಲ್ಲಿನ ಹೋತ’ ಎಂಬ ಮಾತಿನ ಅರ್ಥ ಇದೇ. ಆದರೆ ಹಲ್ಲು ಕೇವಲ ಗುರುತು, ನಿಯಮವಿರುವುದು ವಯಸ್ಸಿಗೆ. ವರ್ಷ ತುಂಬಿದ್ದು ಖಚಿತವಾಗಿದ್ದರೆ ಹಲ್ಲು ಬರದಿದ್ದರೂ ಕುರ್ಬಾನಿ ಸಿಂಧುವಾಗುತ್ತದೆ.

ವರ್ಷವೆಂದರೆ ಚಾಂದ್ರಮಾನದ ವರ್ಷ. ಹೀಗಾಗಿ ನಾನು ಕೇಳುವವರಿಗೆ ಒಂದು ಸರಳ ಪ್ರಶ್ನೆಯನ್ನು ಹೇಳಿಕೊಡುತ್ತೇನೆ: ಈ ಮರಿ ಹುಟ್ಟಿದ್ದು ಕಳೆದ ಬಕ್ರೀದ್‌ಗೆ ಮೊದಲೋ, ನಂತರವೋ?

2025ರಲ್ಲಿ ಈ ಪ್ರಶ್ನೆ ನನ್ನ ಕಣ್ಣೆದುರೇ ಒಂದು ವ್ಯವಹಾರವನ್ನು ನಿರ್ಧರಿಸಿತು. ಗೌಂಡಿ ಕೆಲಸ ಮಾಡುವ ಒಬ್ಬ ಸಹೋದರರು ಮೊದಲ ಬಾರಿಗೆ ಕುರ್ಬಾನಿ ನೀಡಲು ಹಣ ಕೂಡಿಸಿದ್ದರು. ಅವರ ಮಗ ನಮ್ಮ ಮದರಸಾದ ವಿದ್ಯಾರ್ಥಿ. ಮೂವರೂ ಒಂದು ಮಂದೆಗೆ ಹೋದೆವು. ಹುಡುಗನ ಕಣ್ಣು ಕೋಡು ಎತ್ತಿ ನಿಂತ ಒಂದು ಕರಿಯ ಹೋತದ ಮೇಲೆ ನೆಟ್ಟಿತು. ಮೈಕಟ್ಟು ಚೆನ್ನಾಗಿತ್ತು, ನಡಿಗೆ ಚೆನ್ನಾಗಿತ್ತು. ಬಾಯಿ ತೆರೆದಾಗ ಎಲ್ಲವೂ ಹಾಲುಹಲ್ಲು.

“ಕಾಕಾ, ಇದು ಯಾವಾಗ ಹುಟ್ಟಿದ್ದು?” ಎಂದು ಕೇಳಿದೆ.

ಆ ಹಿರಿಯರು ಸ್ವಲ್ಪ ಯೋಚಿಸಿದರು. “ಹ್ವಾದ ವರ್ಷ ಕಾರಹುಣ್ಣಿಮಿ ದಿನಾನೇ ಈದೈತ್ರೀ ಸಾಹೇಬ್ರ. ಸುಳ್ಳು ಯಾಕ ಹೇಳ್ಲಿ?” ಎಂದರು.

2024ರ ಬಕ್ರೀದ್ ಜೂನ್ 17ರಂದು ಬಂದಿತ್ತು. ಕಾರಹುಣ್ಣಿಮೆ ಬಂದದ್ದು ಅದಾದ ನಾಲ್ಕೈದು ದಿನಗಳ ಬಳಿಕ. 2025ರ ಬಕ್ರೀದ್ ಜೂನ್ 7ರಂದು. ಲೆಕ್ಕ ಹಾಕಿದರೆ ಆ ಹೋತಕ್ಕೆ ವರ್ಷ ತುಂಬಲು ನಾಲ್ಕೈದು ದಿನ ಕಡಿಮೆ. ಕುರ್ಬಾನಿಯ ಕೊನೆಯ ದಿನವಾದ ದುಲ್‌ಹಜ್ 12ಕ್ಕೂ ಅದು ತುಂಬುವುದಿಲ್ಲ.

“ನಾಲ್ಕು ದಿನ ಅಷ್ಟೇ ಅಲ್ವಾ ಉಸ್ತಾದ್?” ಎಂದು ಹುಡುಗ ಅಂಗಲಾಚಿದ.

ನಾನು ಅವನಿಗೆ ಹಝ್ರತ್ ಅಬೂ ಬುರ್ದಾ(ರ)ರವರ ಘಟನೆಯನ್ನು ಹೇಳಿದೆ. ಅವರು ಈದ್ ನಮಾಝಿಗೆ ಮೊದಲೇ ಪ್ರಾಣಿಯನ್ನು ಕೊಯ್ದಿದ್ದರು. ಅದು ಕುರ್ಬಾನಿಯಾಗಲಿಲ್ಲ, ಬರಿಯ ಮಾಂಸವಾಯಿತು. ಆಗ ಅವರು, ತಮ್ಮ ಬಳಿ ವರ್ಷ ತುಂಬದ ಒಂದು ಆಡಿದೆ, ಮಾಂಸದಲ್ಲಿ ಅದು ಎರಡು ಆಡುಗಳಿಗಿಂತ ಮಿಗಿಲು ಎಂದರು. ಪ್ರವಾದಿ(ಸ)ರು ಅವರಿಗೆ ಅನುಮತಿ ನೀಡಿದರು, ಜೊತೆಗೆ ಇನ್ನು ಮುಂದೆ ಬೇರೆ ಯಾರಿಗೂ ಅದು ಸಲ್ಲದೆಂದು ಸ್ಪಷ್ಟಪಡಿಸಿದರು. ಎಳೆಯ ಪ್ರಾಣಿಯ ಗಾತ್ರ ಎಷ್ಟೇ ಇರಲಿ, ವಯಸ್ಸಿನ ಕೊರತೆಯನ್ನು ಅದು ತುಂಬಲಾರದು ಎಂಬುದು ಅಂದೇ ತೀರ್ಮಾನವಾದ ವಿಷಯ.

ಕೊನೆಗೆ ಅದೇ ಮಂದೆಯಿಂದ ಮೋಟುಕೋಡಿನ, ಎರಡು ಹಲ್ಲಿನ ಇನ್ನೊಂದು ಹೋತವನ್ನು ಕೊಂಡೆವು. ಬೆಲೆಯೂ ಕಡಿಮೆಯಾಯಿತು. ಉಳಿದ ಹಣದಲ್ಲಿ ತಂದೆ ಮಗನಿಗೆ ಈದ್‌ನ ಬಟ್ಟೆ ಹೊಲಿಸಿದರು.

ಆ ದಿನ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಕುರಿಗಾಹಿಯ ಮಾತು. ‘ಯುಗಾದಿಗೆ ಹುಟ್ಟಿತ್ತು’ ಎಂದಿದ್ದರೆ ಹೆಚ್ಚಿನ ಬೆಲೆಯ ಹೋತ ಮಾರಾಟವಾಗುತ್ತಿತ್ತು. ಪ್ರಶ್ನಿಸುವವರು ಯಾರೂ ಇರಲಿಲ್ಲ. ನಮ್ಮ ಇಬಾದತ್ತಿನ ಸಿಂಧುತ್ವ ನಮ್ಮ ಧರ್ಮದವರಲ್ಲದ ಒಬ್ಬ ಹಿರಿಯರ ಪ್ರಾಮಾಣಿಕತೆಯ ಮೇಲೆ ನಿಂತಿತ್ತು, ಅವರು ಅದನ್ನು ಕಾಪಾಡಿದರು. ಅಳತೆ ಮತ್ತು ತೂಕದಲ್ಲಿ ನ್ಯಾಯ ಪಾಲಿಸಬೇಕೆಂದು ದಿನವೂ ಓದುವ ನಾವು, ನಮ್ಮ ಅಂಗಡಿಗಳಲ್ಲಿ ಎಷ್ಟು ಮಂದಿ ಹೀಗೆ ಉತ್ತರಿಸುತ್ತೇವೆ?

ಇಂದು ಕುರ್ಬಾನಿಯ ಪ್ರಾಣಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಚಿತ್ರದಲ್ಲಿ ಕೋಡು ಕಾಣುತ್ತದೆ, ಹಲ್ಲು ಕಾಣುವುದಿಲ್ಲ. ನಿಯ್ಯತ್ತಂತೂ ಕಾಣುವುದೇ ಇಲ್ಲ. ಆ ಚಿತ್ರವನ್ನು ಕಂಡು ನೆರೆಯ ಬಡವನ ಮಗು ತನ್ನ ತಂದೆಯ ಮುಖ ನೋಡುತ್ತದೆ. ಪ್ರಾಣಿಗಳ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ತಲುಪುವುದು ಕೇವಲ ನಮ್ಮ ತಕ್ವಾ ಎಂದು ಸೂರಃ ಅಲ್‌ಹಜ್ಜ್ ಬೋಧಿಸುತ್ತದೆ. ಮಾಂಸವೇ ತಲುಪದಿರುವಾಗ ಕೋಡಿನ ಉದ್ದ ತಲುಪೀತೇ?

ಆದ್ದರಿಂದ ಸಹೋದರರೇ, ಅಂದದ ಪ್ರಾಣಿ ಸಿಕ್ಕರೆ ಸಂತೋಷದಿಂದ ಕೊಳ್ಳಿರಿ. ಆದರೆ ಮೊದಲು ಕಾಲು ನೋಡಿರಿ, ಕಣ್ಣು ನೋಡಿರಿ, ಬೆನ್ನು ಮುಟ್ಟಿ ನೋಡಿರಿ, ಬಾಯಿ ತೆರೆದು ನೋಡಿರಿ, ಹುಟ್ಟಿದ ದಿನವನ್ನು ಕೇಳಿರಿ. ಆ ಬಳಿಕ ನಿಮ್ಮ ಹೃದಯವನ್ನೂ ಒಮ್ಮೆ ತೆರೆದು ನೋಡಿಕೊಳ್ಳಿರಿ. ಅಲ್ಲಾಹನು ನಮ್ಮೆಲ್ಲರ ಕುರ್ಬಾನಿಯನ್ನು ಸ್ವೀಕರಿಸಲಿ. ಆಮೀನ್.