ಭಾಭಿ ನಿಲ್ಲಿಸಿದ ಮಾತ್ರೆ

ನಮ್ಮ ಗೊಳಸಂಗಿಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲರಿಗೂ ಕಾಣುವಂತೆ ಕಪಾಟಿನಲ್ಲಿರುತ್ತದೆ. ಖಿನ್ನತೆಯ ಮಾತ್ರೆ ಮಾತ್ರ ಜೋಳದ ಡಬ್ಬಿಯ ಹಿಂದೆ. ನನ್ನ ಭಾಭಿಯೂ ಹಾಗೆಯೇ ಬಚ್ಚಿಟ್ಟಿದ್ದರು. ಎಸಿಟಲೋಪ್ರಾಮ್ ಎಂಬ ಮಾತ್ರೆ ಅದು. ಎಂಟು ತಿಂಗಳಿನಿಂದ ನಗುನಗುತ್ತಾ ಇದ್ದವರು, ರಮಝಾನ್ ಚಂದ್ರ ಕಂಡ ರಾತ್ರಿ "ಗುಣವಾಗಿದೆಯಲ್ಲ, ರೋಜಾ ಬೇರೆ ಇದೆ" ಎಂದು ತಾವಾಗಿಯೇ ನಿಲ್ಲಿಸಿಬಿಟ್ಟರು.

ಮೂರನೆಯ ರೋಜಾಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕಾರಣವಿಲ್ಲದ ಅಳು. ಒಬ್ಬರು ನಿಶ್ಶಕ್ತಿ ಎಂದರು, ಇನ್ನೊಬ್ಬರು ನಜರ್ ಎಂದರು. ಮದ್ರಸದಲ್ಲಿ ಕಲಿತು, ಬಿ.ಎ. ಕೂಡ ಮಾಡಿದ ನಾನು ದುಆ ಓದಿ ಊದಿದೆ. ಮಾತ್ರೆಯ ಬಗ್ಗೆ ಕೇಳಲೇ ಇಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಕೊನೆಗೆ ವಿಜಯಪುರಕ್ಕೆ ಕರೆದೊಯ್ದಾಗ ವೈದ್ಯರು ಬಿಡಿಸಿ ಹೇಳಿದರು. ನುಂಗಿದ ಮಾತ್ರೆ ರಕ್ತಕ್ಕೆ ಸೇರುತ್ತದೆ, ಅದನ್ನು ಒಡೆದು ಹೊರಹಾಕುವ ಕೆಲಸ ಹೆಚ್ಚಾಗಿ ಯಕೃತ್ತಿನ ಕಿಣ್ವಗಳದ್ದು. ಈ ಔಷಧಿ ಸುಮಾರು 30 ಗಂಟೆಗಳಲ್ಲಿ ಅರ್ಧದಷ್ಟು ಕರಗುತ್ತದೆ. ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ವಾರ ಬೇಕು, ಮನಸ್ಸು ಹಗುರವಾಗಲು ಇನ್ನೂ ಕೆಲವು ವಾರ. "ನಾಲ್ಕು ದಿನ ನುಂಗಿದೆ, ಏನೂ ಆಗಲಿಲ್ಲ" ಎನ್ನುವವರು ಇದನ್ನು ನೆನಪಿಡಬೇಕು. ಥಟ್ಟನೆ ಬಿಟ್ಟರೆ ಅದಕ್ಕೆ ಒಗ್ಗಿಕೊಂಡಿದ್ದ ಮೆದುಳು ತತ್ತರಿಸುತ್ತದೆ. ಫ್ಲುಆಕ್ಸೆಟಿನ್ ಆದರೆ ಅದರ ಅಂಶ ವಾರಗಟ್ಟಲೆ ದೇಹದಲ್ಲಿ ಉಳಿಯುವುದರಿಂದ ಈ ತೊಂದರೆ ಕಡಿಮೆ.

ಎಲ್ಲರ ಯಕೃತ್ತೂ ಒಂದೇ ವೇಗದಲ್ಲಿ ದುಡಿಯುವುದಿಲ್ಲ. ಎಸಿಟಲೋಪ್ರಾಮನ್ನು ಒಡೆಯುವ ಮುಖ್ಯ ಕಿಣ್ವ ಹುಟ್ಟಿನಿಂದಲೇ ಮಂದವಾಗಿರುವವರು ಯುರೋಪಿನವರಿಗಿಂತ ನಮ್ಮ ಭಾರತೀಯರಲ್ಲಿ ಹೆಚ್ಚು. ಅಂಥವರಿಗೆ ಕಡಿಮೆ ಪ್ರಮಾಣವೇ ಸಾಕಾಗಬಹುದು. ಪಕ್ಕದ ಮನೆಯವಳಿಗೆ ಒಗ್ಗಿದ್ದು ನಿಮಗೂ ಒಗ್ಗೀತು ಎಂದುಕೊಳ್ಳಬೇಡಿ.

ಇನ್ನೊಂದು ವಿಷಯ ಕೇಳಿ ನಾನು ಬೆಚ್ಚಿದೆ. ಭಾಭಿ ಗ್ಯಾಸ್‌ಗೆಂದು ಅಂಗಡಿಯಿಂದ ಒಮೆಪ್ರಝೋಲ್ ತಂದು ನುಂಗುತ್ತಿದ್ದರು. ಅದು ಇದೇ ಕಿಣ್ವವನ್ನು ತಡೆದು, ರಕ್ತದಲ್ಲಿ ಎಸಿಟಲೋಪ್ರಾಮ್ ಪ್ರಮಾಣವನ್ನು ಅರ್ಧದಷ್ಟು ಏರಿಸಬಲ್ಲದು! ಕ್ಷಯರೋಗದ ರಿಫಾಂಪಿಸಿನ್ ಇದಕ್ಕೆ ತಿರುಗುಮುರುಗು, ಹಲವು ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.

ಕಾಯಿಲೆಯವರಿಗೆ ರೋಜಾ ಬಿಟ್ಟು ಮುಂದೆ ಪೂರೈಸುವ ರಿಯಾಯಿತಿಯೇನೋ ಇದೆ. ಆದರೆ ಭಾಭಿಗೆ ಅದೂ ಬೇಕಾಗಲಿಲ್ಲ. ದಿನಕ್ಕೊಂದೇ ಮಾತ್ರೆ, ಇಫ್ತಾರ್ ಆದ ಮೇಲೆ ತೆಗೆದುಕೊಳ್ಳಿ ಎಂದರು ವೈದ್ಯರು. ಮುಂದಿನ ವರ್ಷ ಅವರೇ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಈ ಸಲ ಕರೆಂಟ್ ಹೊಡೆಯಲಿಲ್ಲ.

ಯಾರ ಬಳಿ ಕೇಳುವುದು ಎಂಬ ಸಂಕೋಚವಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.