ಕ್ರ್ಯಾಂಕಿನ ಮೇಲೆ ದಶಾಂಶದ ಪಾಠ



ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ದಶಾಂಶ ಕಲಿಸುವಾಗ ಮಕ್ಕಳು ತಪ್ಪದೇ ಕೇಳುತ್ತಾರೆ: "ಸರ್, ಇದು ಎಲ್ಲಿ ಉಪಯೋಗಕ್ಕ ಬರ್ತೈತ್ರಿ?" ಪಾಲಕರ ಪ್ರಶ್ನೆ ಇನ್ನೂ ಕಠಿಣ: "ಕನ್ನಡದಾಗ ಕಲಿತು ಮಹಾರಾಷ್ಟ್ರದಾಗ ಏನ್ ಮಾಡ್ತಾವ್ರಿ ಹುಡುಗ್ರು?" ಎರಡಕ್ಕೂ ಒಂದಿಷ್ಟು ಉತ್ತರ ನಮಗೆ ಗ್ಯಾರೇಜಿನಲ್ಲಿ ಸಿಕ್ಕಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಏಳನೆಯವರೆಗೆ ನಮ್ಮಲ್ಲಿ ಓದಿ, ಮರಾಠಿಯಲ್ಲಿ ಐ.ಟಿ.ಐ. ಮುಗಿಸಿ, ಈಗ ಬಾವಿಯ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಾನೆ. ಒಂದು ಶನಿವಾರ ಏಳನೆಯ ತರಗತಿಯ ಮಕ್ಕಳೊಂದಿಗೆ ಅವನಲ್ಲಿಗೆ ಹೋದೆವು. ಮೇಜಿನ ಮೇಲೆ ಬಿಚ್ಚಿಟ್ಟ ಕ್ರ್ಯಾಂಕ್ ಶಾಫ್ಟ್ ನಮ್ಮದೇ ಒಬ್ಬ ವಿದ್ಯಾರ್ಥಿನಿಯ ತಂದೆಯದು. ಎಂಜಿನ್ ಒಳಗಿನಿಂದ ಬಡಿತದ ಸದ್ದು ಬರುತ್ತಿತ್ತಂತೆ. "ಬರೇ ಬೇರಿಂಗ್ ಹಾಕಿ ಕೊಡು ತಮ್ಮಾ, ದಾಳಿಂಬಿ ಒಣಗತೈತಿ" ಎಂದು ಅವರು ಅವಸರ ಮಾಡುತ್ತಿದ್ದರು.

ಹುಡುಗ ಮೊದಲು ಹಳೆಯ ಬೇರಿಂಗ್ ತೋರಿಸಿದ. ಅರ್ಧಚಂದ್ರದಂಥ ಎರಡು ಹೋಳು. ಹಿಂದೆ ಉಕ್ಕು, ಒಳಮೈಗೆ ಮೆತ್ತನೆಯ ಲೋಹ. ಎಣ್ಣೆಯಲ್ಲಿ ಬಂದ ಸಣ್ಣ ಕಸ ಅದರಲ್ಲಿ ಹುದುಗಬೇಕು, ಶಾಫ್ಟನ್ನು ಗೀರಬಾರದು. ಅಗ್ಗದ್ದು ಸವೆದು ತುಟ್ಟಿಯದನ್ನು ಉಳಿಸುವ ಏರ್ಪಾಡು. ಇದರಲ್ಲಿ ಮೇಲಿನ ಪದರ ಹೋಗಿ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕನ್ನು ಒರೆಸಿ, "ಉಗುರು ಎಳದು ನೋಡ್ರಿ ಸರ್" ಎಂದ. ಗೀರಿನಲ್ಲಿ ಉಗುರು ತಡೆಯಿತು.

ಆಮೇಲೆ ಮೈಕ್ರೋಮೀಟರ್ ಮಕ್ಕಳ ಕೈಗೆ ಬಂತು. "ಒಂದೇ ಕಡೆ ಅಳದ್ರ ತಿಳಿಯೂದಿಲ್ಲ" ಎಂದು ಪಿನ್ನಿನ ಎರಡೂ ತುದಿಗಳಲ್ಲಿ, ಉದ್ದಕ್ಕೂ ಅಡ್ಡಕ್ಕೂ ಅಳೆಸಿದ. ಹೊಸದಿದ್ದಾಗ 50.00 ಮಿ.ಮೀ. ಈಗ ಅಡ್ಡ 49.97, ಉದ್ದ 49.91. ಕಳೆದವಳು ಆ ರೈತರ ಮಗಳೇ: 0.06. ಆ ಎಂಜಿನಿನ ಪುಸ್ತಕದಲ್ಲಿ ಕೊಟ್ಟ ಮಿತಿ 0.05. ಡೀಸೆಲ್ ಉರಿದಾಗಲೆಲ್ಲ ರಾಡು ಪಿನ್ನಿನ ಅದೇ ಮಗ್ಗುಲನ್ನು ಜೋರಾಗಿ ಒತ್ತುವುದರಿಂದ ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

"ಕಾಕಾ, ದುಂಡಗಿಲ್ಲದ ಕ್ರ್ಯಾಂಕಿಗೆ ಹೊಸಾ ಬೇರಿಂಗ್ ಹಾಕಿದ್ರ ಅದನ್ನೂ ತಿಂತೈತ್ರಿ" ಎಂದ ಹುಡುಗ. ಗ್ರೈಂಡಿಂಗ್ ಮಾಡಿಸಿ 49.75ಕ್ಕೆ ಇಳಿಸಬೇಕು, 0.25 ಅಂಡರ್‌ಸೈಜ್ ಬೇರಿಂಗ್ ಕೂಡಿಸಬೇಕು. ನಡುವೆ ಬಿಡುವ ಸಂದು ಶಾಫ್ಟಿನ ದಪ್ಪದ ಸುಮಾರು ಸಾವಿರದ ಒಂದು ಭಾಗ, ಅಂದರೆ ಇಲ್ಲಿ 0.05 ಮಿ.ಮೀ. ಎಣ್ಣೆಯ ಪದರ ನಿಲ್ಲುವುದು ಅಲ್ಲಿಯೇ. ಸಂದು ಕಡಿಮೆಯಾದರೆ ಕಾಯ್ದು ಹಿಡಿಯುತ್ತದೆ. ಹೆಚ್ಚಾದರೆ ಎಣ್ಣೆ ಸೋರಿ ಮತ್ತೆ ಬಡಿತ.

ಅವರು ಮಗಳ ನೋಟುಬುಕ್ಕನ್ನು ಸ್ವಲ್ಪ ಹೊತ್ತು ನೋಡಿದರು. "ಗ್ರೈಂಡಿಂಗಿಗೆ ಕಳಿಸಿಬಿಡು. ನಾಕು ದಿನ ಬಾಜೂ ಹೊಲದವರ ಬಾವಿ ನೀರು ಕೇಳ್ತೀನಿ" ಎಂದರು.

ಬಿಡಿಭಾಗಗಳ ಹೆಸರು ಇಂಗ್ಲಿಷು, ಗ್ಯಾರೇಜಿನ ಬಿಲ್ಲು ಮರಾಠಿ. ಆದರೆ ಆ ಹುಡುಗ 0.06 ಎಂಬುದು 0.05ಕ್ಕಿಂತ ದೊಡ್ಡದೆಂದು ಕಲಿತದ್ದು ಕನ್ನಡದಲ್ಲಿ, ರೈತರಿಗೆ ತಿಳಿಹೇಳಿದ್ದೂ ಕನ್ನಡದಲ್ಲಿ. ಗಡಿಯಾಚೆಯ ಶಿಕ್ಷಕ ಬಂಧುಗಳೇ, ದಶಾಂಶದ ಪಾಠ ಬಂದಾಗ ಮಕ್ಕಳನ್ನು ಹತ್ತಿರದ ಗ್ಯಾರೇಜಿಗೆ ಒಮ್ಮೆ ಕರೆದೊಯ್ಯಿರಿ. ಮೈಕ್ರೋಮೀಟರನ್ನು ಅವರೇ ಹಿಡಿಯಲಿ.